ಕ್ಯಾನ್ಸರ್ ಇರುವವರ ಮೈಯಲ್ಲಿ ನೀರು ತುಂಬಿ ಊತ ಬಂದಾಗ: ಮನೆಯಲ್ಲಿ ಆರೈಕೆ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಬೆಳಿಗ್ಗೆ ಹಾಕಿಕೊಂಡ ಕಾಲುಚೀಲವನ್ನು ಸಂಜೆ ಬಿಚ್ಚಿದಾಗ ಅದರ ಪಟ್ಟಿಯ ಅಚ್ಚು ಚರ್ಮದಲ್ಲಿ ಆಳವಾಗಿ ಉಳಿದಿರುತ್ತದೆ. ವರ್ಷಗಳಿಂದ ಸಲೀಸಾಗಿ ಕಳಚುತ್ತಿದ್ದ ಉಂಗುರ ಬೆರಳಿನ ಗೆಣ್ಣು ದಾಟುವುದಿಲ್ಲ. ಊಟಕ್ಕೆ ಕುಳಿತವರು ನಾಲ್ಕು ತುತ್ತಿಗೇ ಹೊಟ್ಟೆ ತುಂಬಿತೆಂದು ಎದ್ದುಬಿಡುತ್ತಾರೆ. ಕ್ಯಾನ್ಸರ್ ಇರುವವರನ್ನು ನೋಡಿಕೊಳ್ಳುವ ಮನೆಯವರಿಗೆ ಊತದ ಮೊದಲ ಸುಳಿವು ಹೆಚ್ಚಾಗಿ ಸಿಗುವುದು ಹೀಗೆಯೇ. ಕಂಡೊಡನೆ ಹೊಳೆಯುವ ಉಪಾಯಗಳೂ ಕೆಲವೇ: ಕಾಲನ್ನು ಒತ್ತುವುದು, ನೀರು ಕುಡಿಯುವುದನ್ನು ಕಡಿಮೆ ಮಾಡಿಸುವುದು, ಹಳೆಯ ಚೀಟಿಯಲ್ಲಿದ್ದ ನೀರಿನ ಮಾತ್ರೆಯನ್ನು, ಅಂದರೆ ಮೂತ್ರ ಹೆಚ್ಚಿಸಿ ನೀರು ಇಳಿಸುವ ಮಾತ್ರೆಯನ್ನು, ಮತ್ತೆ ಕೊಡುವುದು. ಈ ಮೂರರಲ್ಲಿ ಯಾವುದೂ ಯಾವಾಗಲೂ ಸುರಕ್ಷಿತವಲ್ಲ. ನೋಡಲು ಒಂದೇ ಬಗೆಯಾಗಿ ಕಾಣುವ ಊತದ ಹಿಂದೆ ಹತ್ತಾರು ಕಾರಣಗಳಿರಬಹುದು, ಮತ್ತು ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ಕೇಡಾಗಬಹುದು. ಆದ್ದರಿಂದ ಈ ಮಾರ್ಗದರ್ಶಿ ಊತ ಇಳಿಸುವ ಉಪಾಯಗಳಿಂದ ಆರಂಭವಾಗದೆ, ಅದು ಯಾವ ಊತ ಎಂದು ತಿಳಿಯುವುದರಿಂದ ಆರಂಭವಾಗುತ್ತದೆ.

ಮೊದಲ ಹಂತ: ಇಂದೇ ಆಸ್ಪತ್ರೆಗೆ ಹೋಗಬೇಕೇ ಎಂದು ನೋಡಿ

ಎರಡೂ ಕಾಲುಗಳಲ್ಲಿ ದಿನಗಳ ಮೇಲೆ ನಿಧಾನವಾಗಿ ಬಂದ ಊತವಾದರೆ ವೈದ್ಯರಿಗೆ ಫೋನ್ ಮಾಡಿ ವಿಚಾರಿಸುವಷ್ಟು ಸಮಯ ಸಾಮಾನ್ಯವಾಗಿ ಇರುತ್ತದೆ. ಆದರೆ ಒಂದೇ ಕಾಲು ಅಥವಾ ಒಂದೇ ಕೈ ಒಂದೆರಡು ದಿನಗಳಲ್ಲಿ ಊದಿಕೊಂಡು, ಮೀನಖಂಡ ಬಿಗಿದು, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆ ಇದೆ. ಕ್ಯಾನ್ಸರ್‌ಗೂ ರಕ್ತ ಹೆಪ್ಪುಗಟ್ಟುವುದಕ್ಕೂ ಇರುವ ನಂಟನ್ನು ಫ್ರಾನ್ಸಿನ ವೈದ್ಯ ಆರ್ಮಾಂಡ್ ಟ್ರೂಸೋ 1865ರಷ್ಟು ಹಿಂದೆಯೇ ಗುರುತಿಸಿದ್ದರು. ಗಡ್ಡೆಯೇ ರಕ್ತವನ್ನು ಬೇಗ ಹೆಪ್ಪುಗಟ್ಟುವಂತೆ ಮಾಡುತ್ತದೆ. ಕೀಮೋಥೆರಪಿ, ಶಸ್ತ್ರಚಿಕಿತ್ಸೆ, ದಿನಗಟ್ಟಲೆ ಮಲಗಿರುವುದು, ಔಷಧಿ ಕೊಡಲೆಂದು ರಕ್ತನಾಳಕ್ಕೆ ಹಾಕಿದ ಕೊಳವೆ, ಇವೂ ಅದಕ್ಕೆ ಸೇರಿಕೊಳ್ಳುತ್ತವೆ. ಇಂತಹ ಕಾಲನ್ನು ಒತ್ತಬಾರದು, ನೀವಬಾರದು, ಅದಕ್ಕೆ ಬಿಗಿ ಪಟ್ಟಿ ಸುತ್ತಬಾರದು. ನಮ್ಮವರಿಗೆ ನೋವಾದಾಗ ನಾವು ಮೊದಲು ಮಾಡುವುದೇ ಕಾಲು ಒತ್ತುವುದು. ಆದ್ದರಿಂದಲೇ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಹೆಪ್ಪಿನ ಒಂದು ತುಣುಕು ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಅದೇ ದಿನ ರಕ್ತದ ಹರಿವನ್ನು ನೋಡುವ ಡಾಪ್ಲರ್ ಸ್ಕ್ಯಾನ್ ಆದರೆ ವಿಷಯ ಸ್ಪಷ್ಟವಾಗುತ್ತದೆ, ಮತ್ತು ಹೆಪ್ಪು ಇದ್ದರೆ ರಕ್ತ ತೆಳುಮಾಡುವ ಔಷಧಿಯನ್ನು ಕೂಡಲೇ ಆರಂಭಿಸಬಹುದು.

ಇನ್ನೂ ಕೆಲವು ಸಂದರ್ಭಗಳಲ್ಲಿ ಬೆಳಗಾಗಲಿ ಎಂದು ಕಾಯಬಾರದು. ಇದ್ದಕ್ಕಿದ್ದಂತೆ ಉಸಿರು ಕಟ್ಟಿದಂತಾಗುವುದು, ಉಸಿರೆಳೆದಾಗ ಎದೆ ಚುಚ್ಚುವುದು, ಕೆಮ್ಮಿನಲ್ಲಿ ರಕ್ತ ಬರುವುದು ಶ್ವಾಸಕೋಶಕ್ಕೆ ಹೆಪ್ಪು ತಲುಪಿರುವುದರ ಸೂಚನೆಗಳಾಗಿರಬಹುದು. ಮುಖ, ಕುತ್ತಿಗೆ ಮತ್ತು ತೋಳುಗಳು ಊದಿಕೊಂಡು, ಕುತ್ತಿಗೆಯ ಮತ್ತು ಎದೆಯ ಮೇಲಿನ ನರಗಳು ಉಬ್ಬಿ, ಬಗ್ಗಿದರೆ ತಲೆ ಭಾರವಾಗಿ ಉಸಿರಾಟಕ್ಕೆ ಕಷ್ಟವಾಗುತ್ತಿದ್ದರೆ, ತಲೆಯ ಕಡೆಯಿಂದ ಹೃದಯಕ್ಕೆ ರಕ್ತ ತರುವ ದೊಡ್ಡ ರಕ್ತನಾಳವನ್ನು ಎದೆಯೊಳಗಿನ ಗಡ್ಡೆ ಅಮುಕುತ್ತಿರಬಹುದು. ಊದಿದ ಭಾಗದ ಚರ್ಮ ಕೆಂಪಾಗಿ, ಬಿಸಿಯಾಗಿ, ಜೊತೆಗೆ ಜ್ವರ ಬಂದಿದ್ದರೆ ಅದು ಸೋಂಕಾಗಿರಬಹುದು. ಕೀಮೋಥೆರಪಿಯಿಂದ ಬಿಳಿರಕ್ತಕಣಗಳು ಕುಸಿದಿರುವವರಲ್ಲಿ ಸೋಂಕು ಗಂಟೆಗಳ ಲೆಕ್ಕದಲ್ಲಿ ಏರಬಲ್ಲದು. ನೀರು ತುಂಬಿದ ಹೊಟ್ಟೆಯಲ್ಲಿ ಹೊಸದಾಗಿ ನೋವು, ಜ್ವರ ಅಥವಾ ಮಾತಿನಲ್ಲಿ ಗೊಂದಲ ಕಂಡರೂ, ಮೂತ್ರ ಬಹುತೇಕ ನಿಂತುಹೋದರೂ ಹಾಗೆಯೇ ಹೊರಡಬೇಕು.

ಎರಡನೆಯ ಹಂತ: ಇದು ಯಾವ ಊತ?

ಕಾಲಿನ ಮುಂಭಾಗದ ಎಲುಬಿನ ಮೇಲೆ, ಪಾದದ ಗಂಟಿಗಿಂತ ನಾಲ್ಕು ಬೆರಳಿನಷ್ಟು ಮೇಲೆ, ಹೆಬ್ಬೆರಳನ್ನಿಟ್ಟು ಐದಾರು ಸೆಕೆಂಡು ಮೆಲ್ಲಗೆ ಒತ್ತಿ ಹಿಡಿದು ಬಿಡಿ. ಇದು ರಕ್ತದ ಹೆಪ್ಪಿನ ಅನುಮಾನವಿಲ್ಲದ ಕಾಲಿಗೆ ಮಾತ್ರ. ಕಣಕದ ಉಂಡೆಯ ಮೇಲೆ ಬೆರಳು ಇಟ್ಟಂತೆ ಗುಳಿ ಬಿದ್ದು, ಅದು ತುಂಬಿಕೊಳ್ಳಲು ಹೊತ್ತು ಹಿಡಿದರೆ ಚರ್ಮದ ಕೆಳಗೆ ನೀರು ನಿಂತಿದೆ ಎಂದರ್ಥ. ದಿನವಿಡೀ ಹಾಸಿಗೆಯಲ್ಲೇ ಇರುವವರಲ್ಲಿ ನೀರು ಕಾಲಿಗಿಂತ ಹೆಚ್ಚಾಗಿ ಸೊಂಟದ ಹಿಂಭಾಗದಲ್ಲಿ ಸೇರುತ್ತದೆ. ಕಾಲು ಸಣ್ಣಗಿದೆ ಎಂದು ನೆಮ್ಮದಿಯಿಂದಿರದೆ ಅಲ್ಲಿಯೂ ನೋಡಬೇಕು.

ಎರಡೂ ಕಾಲುಗಳಲ್ಲಿ ಗುಳಿ ಬೀಳುವ ಊತಕ್ಕೆ ಬಹಳ ಸಾಮಾನ್ಯವಾದ ಒಂದು ಕಾರಣ ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಕಡಿಮೆಯಾಗುವುದು. ರಕ್ತನಾಳದೊಳಗೆ ನೀರನ್ನು ಹಿಡಿದಿಡುವುದು ಮುಖ್ಯವಾಗಿ ಇದೇ ಪ್ರೋಟೀನ್. ಅದರ ಪ್ರಮಾಣ 100 ಮಿಲಿ ಲೀಟರ್ ಸೀರಮ್‌ನಲ್ಲಿ, ಅಂದರೆ ರಕ್ತದ ತಿಳಿಭಾಗದಲ್ಲಿ, ಇರಬೇಕಾದ ಕನಿಷ್ಠ ಮಟ್ಟವಾದ ಸುಮಾರು 3.5 ಗ್ರಾಂಗಿಂತ ಬಹಳ ಕೆಳಗಿಳಿದರೆ ನೀರು ಹೊರಗೆ ಸೋರಿ ಅಂಗಾಂಶಗಳಲ್ಲಿ ನಿಲ್ಲುತ್ತದೆ. ಇಲ್ಲಿ ಮನೆಯವರಿಗೆ ಒಂದು ಮಾತು ಹೇಳಲೇಬೇಕು. ಕ್ಯಾನ್ಸರ್ ದೇಹದಲ್ಲಿ ಉಂಟುಮಾಡುವ ಉರಿಯೂತವೇ ಯಕೃತ್ತು ಆಲ್ಬುಮಿನ್ ತಯಾರಿಸುವುದನ್ನು ತಗ್ಗಿಸುತ್ತದೆ. ನೀವು ಸರಿಯಾಗಿ ಊಟ ಹಾಕಲಿಲ್ಲವೆಂದು ಅದು ಕಡಿಮೆಯಾದದ್ದಲ್ಲ, ಒತ್ತಾಯದಿಂದ ತಿನ್ನಿಸಿದ ಮಾತ್ರಕ್ಕೆ ಅದು ಏರುವುದೂ ಇಲ್ಲ.

ಔಷಧಿಗಳೂ ಊತ ತರುತ್ತವೆ, ಮತ್ತು ಇದು ಸುಲಭವಾಗಿ ಕಣ್ತಪ್ಪುವ ಕಾರಣ. ಡೋಸಿಟ್ಯಾಕ್ಸೆಲ್ ಎಂಬ ಕೀಮೋಥೆರಪಿ ಔಷಧಿ ಕೊಟ್ಟಾಗ ಮೈಯಲ್ಲಿ ನೀರು ಉಳಿಯುವುದು ಎಷ್ಟು ಪರಿಚಿತವೆಂದರೆ, ಅದನ್ನು ತಗ್ಗಿಸಲೆಂದೇ ಹಿಂದಿನ ದಿನದಿಂದ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಮಾತ್ರೆ ಆರಂಭಿಸುವ ರೂಢಿ ಇದೆ. ಇಮಾಟಿನಿಬ್ ಎಂಬ ಕ್ಯಾನ್ಸರ್ ಮಾತ್ರೆ ತೆಗೆದುಕೊಳ್ಳುವವರ ಕಣ್ಣಿನ ಸುತ್ತ ಬೆಳಿಗ್ಗೆ ಊದಿಕೊಂಡಿರುತ್ತದೆ. ಬಹಳ ದಿನ ಕೊಟ್ಟ ಸ್ಟೆರಾಯ್ಡ್, ರಕ್ತದೊತ್ತಡಕ್ಕೆ ಕೊಡುವ ಆಮ್ಲೋಡಿಪಿನ್, ನರದ ನೋವಿಗೆ ಕೊಡುವ ಪ್ರಿಗಬಾಲಿನ್ ಮತ್ತು ಗಾಬಾಪೆಂಟಿನ್, ನೋವಿಗೆಂದು ನಾವೇ ತಂದುಕೊಡುವ ಐಬುಪ್ರೊಫೆನ್ ಹಾಗೂ ಡೈಕ್ಲೋಫೆನಾಕ್, ಇವೆಲ್ಲವೂ ಈ ಪಟ್ಟಿಯಲ್ಲಿವೆ. ಡಾಕ್ಸೋರುಬಿಸಿನ್ ಮತ್ತು ಟ್ರಾಸ್ಟುಜುಮಾಬ್ ಎಂಬ ಕ್ಯಾನ್ಸರ್ ಔಷಧಿಗಳು ಕೆಲವರಲ್ಲಿ ಹೃದಯದ ಬಲವನ್ನು ಕುಗ್ಗಿಸುವುದರಿಂದ, ಅವನ್ನು ಪಡೆದವರಲ್ಲಿ ಕಾಲೂತದ ಜೊತೆ ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ಮತ್ತು ಮಟ್ಟಸವಾಗಿ ಮಲಗಲಾಗದಿರುವುದು ಕಂಡುಬಂದರೆ ಹೃದಯದ ಎಕೋ ಪರೀಕ್ಷೆ ಬೇಕಾಗುತ್ತದೆ.

ದುಗ್ಧರಸದ ಊತ, ಅಂದರೆ ಲಿಂಫೆಡಿಮಾ, ಬೇರೆಯದೇ ಜಾತಿ. ಅಂಗಾಂಶಗಳಿಂದ ಹೊರಟು ತನ್ನದೇ ನಾಳಗಳ ಮೂಲಕ ರಕ್ತಕ್ಕೆ ಮರಳುವ ತಿಳಿಯಾದ ದ್ರವವೇ ದುಗ್ಧರಸ. ಸ್ತನ ಕ್ಯಾನ್ಸರ್‌ಗಾಗಿ ಕಂಕುಳಿನ ಅಥವಾ ಗರ್ಭಕೋಶ ಮುಂತಾದ ಕ್ಯಾನ್ಸರ್‌ಗಳಿಗಾಗಿ ತೊಡೆಸಂದಿನ, ಕಿಬ್ಬೊಟ್ಟೆಯ ದುಗ್ಧಗ್ರಂಥಿಗಳನ್ನು ತೆಗೆದಾಗ ಅಥವಾ ಅವುಗಳಿಗೆ ವಿಕಿರಣ ಕೊಟ್ಟಾಗ ದುಗ್ಧರಸ ಹರಿಯುವ ದಾರಿ ಕಟ್ಟುತ್ತದೆ. ಇದು ಸಾಮಾನ್ಯವಾಗಿ ಆ ಬದಿಯ ಒಂದೇ ಕೈ ಅಥವಾ ಕಾಲಿನಲ್ಲಿ ಬರುತ್ತದೆ, ಚಿಕಿತ್ಸೆ ಮುಗಿದು ವರ್ಷಗಳಾದ ಮೇಲೂ ಬರಬಹುದು. ಆರಂಭದಲ್ಲಿ ಗುಳಿ ಬೀಳುತ್ತದೆ. ಹಳತಾದಂತೆ ಚರ್ಮ ದಪ್ಪವಾಗಿ, ಗಟ್ಟಿಯಾಗಿ, ಒತ್ತಿದರೂ ಗುಳಿ ಬೀಳದಂತಾಗುತ್ತದೆ. ಹೊಟ್ಟೆಯಲ್ಲಿ ತುಂಬುವ ನೀರು ಮತ್ತು ಶ್ವಾಸಕೋಶದ ಸುತ್ತಲಿನ ಪೊರೆಯಲ್ಲಿ ತುಂಬುವ ನೀರಿನ ವಿಚಾರವನ್ನು ಮುಂದೆ ಪ್ರತ್ಯೇಕವಾಗಿ ಹೇಳಿದ್ದೇನೆ.

ಮೂರನೆಯ ಹಂತ: ಅಳೆದು ಬರೆದಿಡಿ

"ಸ್ವಲ್ಪ ಜಾಸ್ತಿಯಾದ ಹಾಗಿದೆ" ಎಂಬ ಮಾತಿನಿಂದ ವೈದ್ಯರಿಗೆ ಹೆಚ್ಚೇನೂ ತಿಳಿಯುವುದಿಲ್ಲ. ಒಂದು ನೋಟುಪುಸ್ತಕ, ಒಂದು ತೂಕದ ಯಂತ್ರ, ದರ್ಜಿಗಳು ಬಳಸುವ ಒಂದು ಟೇಪು ಇದ್ದರೆ ಸಾಕು. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮೊದಲು, ಪ್ರತಿದಿನವೂ ಒಂದೇ ಬಗೆಯ ಹಗುರ ಬಟ್ಟೆಯಲ್ಲಿ ತೂಕ ನೋಡಿ. ಒಂದು ಲೀಟರ್ ನೀರು ಎಂದರೆ ಒಂದು ಕೆಜಿ. ಆದ್ದರಿಂದ ಊಟ ಹೆಚ್ಚದೆ ವಾರದೊಳಗೆ ತೂಕ 2 ಕೆಜಿಗಿಂತ ಹೆಚ್ಚಾದರೆ ಅದು ಮೈ ತುಂಬಿಕೊಂಡದ್ದಲ್ಲ, ನೀರು. ಅಷ್ಟಾದಾಗ ಮುಂದಿನ ಭೇಟಿಗೆ ಕಾಯದೆ ಫೋನ್ ಮಾಡಿ. ಕೈಕಾಲುಗಳ ಸುತ್ತಳತೆಯನ್ನು ಪ್ರತಿಸಲವೂ ಒಂದೇ ಜಾಗದಲ್ಲಿ ತೆಗೆಯಬೇಕು, ಅದಕ್ಕಾಗಿ ಚರ್ಮದ ಮೇಲೆ ಪೆನ್ನಿನಿಂದ ಸಣ್ಣ ಚುಕ್ಕೆ ಇಟ್ಟುಕೊಳ್ಳಿ. ಎರಡು ಬದಿಗಳ ನಡುವೆ 2 ಸೆಂ.ಮೀ. ಅಥವಾ ಅದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ತಿಳಿಸಬೇಕು. ಹೊಟ್ಟೆಯನ್ನು ಹೊಕ್ಕುಳಿನ ಮಟ್ಟದಲ್ಲಿ, ಉಸಿರು ಬಿಟ್ಟಾಗ ಅಳೆಯಿರಿ.

ಪುಸ್ತಕದ ಒಂದು ದಿನದ ಬರಹ ಹೀಗಿರಬಹುದು: "ಬೆಳಿಗ್ಗೆ 6.30. ತೂಕ 54.2, ನಿನ್ನೆ 53.6. ಹೊಟ್ಟೆ 91 ಸೆಂ.ಮೀ. ಬಲಗಾಲು 27, ಎಡಗಾಲು 26.5. ರಾತ್ರಿ ಮೂರು ದಿಂಬು ಬೇಕಾಯಿತು, ಮೊನ್ನೆ ಎರಡು ಸಾಕಾಗಿತ್ತು. ನಿನ್ನೆ ಮಧ್ಯಾಹ್ನದಿಂದ ಮೂತ್ರ ಎರಡೇ ಸಲ." ದಿಂಬಿನ ಲೆಕ್ಕ ಚಿಲ್ಲರೆ ವಿಷಯವೆಂದು ಬಿಡಬೇಡಿ. ಮಲಗಲು ಎಷ್ಟು ದಿಂಬು ಬೇಕು ಎಂಬುದು ಎದೆಯೊಳಗಿನ ಸ್ಥಿತಿಯನ್ನು ಎಷ್ಟೋ ಸಲ ಸ್ಕ್ಯಾನ್‌ಗಿಂತ ಮೊದಲೇ ಹೇಳಿಬಿಡುತ್ತದೆ. ಈ ಪುಸ್ತಕದ ಕೊನೆಯ ಪುಟದಲ್ಲಿ ಅವರು ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಿಗಳ ಹೆಸರು, ಪ್ರಮಾಣ ಮತ್ತು ಆರಂಭಿಸಿದ ದಿನಾಂಕ ಇರಲಿ. ಬೇರೆ ಬೇರೆ ವೈದ್ಯರು ಬರೆದ ಚೀಟಿಗಳೆಲ್ಲ ಒಂದೆಡೆ ಸೇರಿದಾಗಲೇ ಊತಕ್ಕೆ ಕಾರಣವಾದ ಮಾತ್ರೆ ಕಣ್ಣಿಗೆ ಬೀಳುತ್ತದೆ.

ನಾಲ್ಕನೆಯ ಹಂತ: ಕಾಲು ಮತ್ತು ಕೈಗಳ ಊತಕ್ಕೆ ದಿನನಿತ್ಯದ ಆರೈಕೆ

ತುರ್ತು ಕಾರಣಗಳಿಲ್ಲವೆಂದು ವೈದ್ಯರು ಹೇಳಿದ ಮೇಲೆ ಮೊದಲ ಕೆಲಸ ಕಾಲನ್ನು ಎತ್ತರದಲ್ಲಿಡುವುದು. ಕುರ್ಚಿಯ ಮುಂದೆ ಇಟ್ಟ ಗಿಡ್ಡ ಮಣೆಯಿಂದ ಹೆಚ್ಚು ಪ್ರಯೋಜನವಿಲ್ಲ. ಮಲಗಿದಾಗ ಪಾದ ಹೃದಯದ ಮಟ್ಟಕ್ಕಿಂತ ಮೇಲಿದ್ದರೆ ನೀರು ಹಿಂದಕ್ಕೆ ಹರಿಯುತ್ತದೆ. ಇಡೀ ಮೀನಖಂಡಕ್ಕೆ ಆಸರೆ ಸಿಗುವಂತೆ ದಿಂಬುಗಳನ್ನು ಉದ್ದಕ್ಕೆ ಜೋಡಿಸಿ, ಹಿಮ್ಮಡಿ ಮಾತ್ರ ಯಾವುದಕ್ಕೂ ತಾಗದೆ ತೇಲುವಂತೆ ಬಿಡಿ. ಇಪ್ಪತ್ತರಿಂದ ಮೂವತ್ತು ನಿಮಿಷ, ದಿನಕ್ಕೆ ಮೂರು ನಾಲ್ಕು ಬಾರಿ ಸಾಕು. ಕಾಲೆತ್ತಿದಾಗ ಉಸಿರಾಟ ಕಷ್ಟವಾದರೆ ಕೂಡಲೇ ಇಳಿಸಿ. ಹೃದಯದ ತೊಂದರೆ ಇರುವವರಲ್ಲಿ ಕಾಲಿನ ನೀರು ಎದೆಯ ಮೇಲೆ ಭಾರ ಹಾಕಬಲ್ಲದು.

ಮೀನಖಂಡದ ಸ್ನಾಯುಗಳು ರಕ್ತವನ್ನು ಮೇಲಕ್ಕೆ ದೂಡುವ ಪಂಪಿನಂತೆ ಕೆಲಸ ಮಾಡುತ್ತವೆ. ನಡೆಯಲು ಶಕ್ತಿ ಇದ್ದರೆ ಮನೆಯೊಳಗೇ ಆಗಾಗ ನಾಲ್ಕು ಹೆಜ್ಜೆ, ಇಲ್ಲದಿದ್ದರೆ ಮಲಗಿದಲ್ಲೇ ಪಾದವನ್ನು ಮೇಲಕ್ಕೆ ಕೆಳಕ್ಕೆ ಹತ್ತು ಹತ್ತು ಸಲ ಆಡಿಸುವುದು, ಕೈ ಊದಿದ್ದರೆ ಮುಷ್ಟಿ ಕಟ್ಟಿ ಬಿಡುವುದು, ಇಷ್ಟು ಮಾಡಿದರೂ ಗುಣವಿದೆ. ನೀರು ತುಂಬಿದ ಕಾಲು ಭಾರವಾಗಿರುತ್ತದೆ, ಪಾದದ ಸ್ಪರ್ಶಜ್ಞಾನವೂ ಮಂದವಾಗಿರುತ್ತದೆ. ಆದ್ದರಿಂದ ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ದೀಪವಿರಲಿ, ಜಾರದ ಅಡಿಯ, ಪಟ್ಟಿ ಸಡಿಲಿಸಬಹುದಾದ ಚಪ್ಪಲಿ ಇರಲಿ. ಉಂಗುರ, ಬಳೆ, ಕಾಲುಂಗುರಗಳನ್ನು ಊತ ಆರಂಭವಾದ ದಿನವೇ ಸಾಬೂನು ನೀರು ಹಚ್ಚಿ ತೆಗೆದಿಡಿ. ಪುರುಷರಲ್ಲಿ ವೃಷಣದ ಚೀಲ ಊದಿಕೊಂಡಿದ್ದರೆ ಅವರು ಸಂಕೋಚದಿಂದ ಹೇಳದಿರಬಹುದು, ನೀವಾಗಿ ಕೇಳಿ. ಮೆದುವಾದ ಟವಲನ್ನು ಸುರುಳಿ ಸುತ್ತಿ ಕೆಳಗೆ ಆಸರೆ ಕೊಟ್ಟರೆ ನೋವು ಬಹಳ ಮಟ್ಟಿಗೆ ತಗ್ಗುತ್ತದೆ.

ಬಿಗಿ ಕಾಲುಚೀಲ ಅಥವಾ ತೋಳುಚೀಲವನ್ನು ವೈದ್ಯರು ಇಲ್ಲವೇ ಫಿಸಿಯೋಥೆರಪಿಸ್ಟ್ ಅಳತೆ ತೆಗೆದು ಸೂಚಿಸಿದ ಮೇಲೆಯೇ ಕೊಳ್ಳಬೇಕು. ಕಾಲಿಗೆ ರಕ್ತ ಒಯ್ಯುವ ನಾಳಗಳು ಕಿರಿದಾಗಿದ್ದರೆ, ಹೃದಯದ ಸ್ಥಿತಿ ಹತೋಟಿಯಲ್ಲಿಲ್ಲದಿದ್ದರೆ, ಚರ್ಮದಲ್ಲಿ ಸೋಂಕಿದ್ದರೆ ಅದು ಹಾನಿ ಮಾಡುತ್ತದೆ. ಊತ ಕಡಿಮೆ ಇರುವ ಬೆಳಗಿನ ಹೊತ್ತು, ಹಾಸಿಗೆಯಿಂದ ಇಳಿಯುವ ಮುಂಚೆ ಹಾಕಿ, ಒಂದು ಸುಕ್ಕೂ ಉಳಿಯದಂತೆ ಅಂಗೈಯಿಂದ ಸವರಿ ನೇರ ಮಾಡಿ. ಮಡಚಿಕೊಂಡ ಅಂಚು ಚರ್ಮಕ್ಕೆ ದಾರ ಬಿಗಿದಂತೆ ಆಗುತ್ತದೆ. ಬೆರಳುಗಳು ನೀಲಿಯಾದರೆ, ಜೋಮು ಹಿಡಿದರೆ, ನೋವು ಬಂದರೆ ತೆಗೆದುಬಿಡಿ.

ಲಿಂಫೆಡಿಮಾ ಇದ್ದರೆ ನೀರಿನ ಮಾತ್ರೆಯಿಂದ ಉಪಯೋಗವಿಲ್ಲ. ಪದರ ಪದರವಾಗಿ ಪಟ್ಟಿ ಸುತ್ತುವುದು, ಚರ್ಮದ ಆರೈಕೆ, ವ್ಯಾಯಾಮ ಮತ್ತು ತರಬೇತಿ ಪಡೆದವರು ಮಾಡುವ ಬಹಳ ಹಗುರವಾದ ದುಗ್ಧರಸ ಮಾಲಿಷು, ಈ ನಾಲ್ಕೂ ಕೂಡಿದ್ದೇ ಅದರ ಚಿಕಿತ್ಸೆ. ಆ ಮಾಲಿಷಿನ ಕ್ರಮವನ್ನು 1930ರ ದಶಕದಲ್ಲಿ ಡೆನ್ಮಾರ್ಕಿನ ಎಮಿಲ್ ಮತ್ತು ಎಸ್ಟ್ರಿಡ್ ವೊಡ್ಡರ್ ದಂಪತಿ ರೂಪಿಸಿದರು. ಚರ್ಮವನ್ನಷ್ಟೇ ಮೆಲ್ಲಗೆ ಎಳೆಯುವ ಆ ಕ್ರಮಕ್ಕೂ ನಮಗೆ ಗೊತ್ತಿರುವ ಜೋರಾದ ಮಾಲಿಷಿಗೂ ಸಂಬಂಧವಿಲ್ಲ. ಊದಿದ ಕೈಯಿಂದ ಭಾರ ಎತ್ತಲೇಬಾರದು ಎಂಬುದು ಹಳೆಯ ನಂಬಿಕೆ. ಸ್ತನ ಕ್ಯಾನ್ಸರ್‌ನಿಂದ ಗುಣವಾಗಿ ಲಿಂಫೆಡಿಮಾ ಉಳಿದಿದ್ದ 141 ಮಹಿಳೆಯರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೇಲ್ವಿಚಾರಣೆಯಲ್ಲಿ ನಿಧಾನವಾಗಿ ಹೆಚ್ಚಿಸುತ್ತಾ ಹೋದ ಭಾರದ ವ್ಯಾಯಾಮದಿಂದ ಊತ ಹೆಚ್ಚಲಿಲ್ಲ, ಕೈಯ ಬಲ ಹೆಚ್ಚಿತು. ಮನೆಯಲ್ಲಿ ತಾವೇ ಆರಂಭಿಸದೆ ಫಿಸಿಯೋಥೆರಪಿಸ್ಟ್ ಜೊತೆ ಆರಂಭಿಸಬೇಕು, ಅಷ್ಟೇ.

ಐದನೆಯ ಹಂತ: ಚರ್ಮವನ್ನು ಕಾಯ್ದುಕೊಳ್ಳಿ

ಊದಿದ ಚರ್ಮ ಹಿಗ್ಗಿ ತೆಳುವಾಗಿರುತ್ತದೆ. ಉಗುರು ತಾಗಿದ ಒಂದು ಗೀರು ಸಾಕು ಸೋಂಕಿಗೆ ಬಾಗಿಲಾಗಲು. ಉಗುರುಬೆಚ್ಚಗಿನ ನೀರು ಮತ್ತು ಸೌಮ್ಯವಾದ ಸಾಬೂನಿನಿಂದ ತೊಳೆದು, ಉಜ್ಜದೆ ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿ, ಬೆರಳ ಸಂದುಗಳನ್ನು ಪೂರ್ತಿ ಒಣಗಿಸಿ, ಸುವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಿ. ಬೆರಳ ಸಂದಿಗೆ ಮಾತ್ರ ಹಚ್ಚಬೇಡಿ, ಅಲ್ಲಿ ತೇವ ಉಳಿದರೆ ಶಿಲೀಂಧ್ರ ಬೆಳೆಯುತ್ತದೆ. ಬಿಸಿನೀರಿನ ಚೀಲ, ಐಸು ಎರಡೂ ಬೇಡ.

ಕೆಲವೊಮ್ಮೆ ಗಾಯವೇ ಇಲ್ಲದೆ ಚರ್ಮದಿಂದ ನೀರು ಮಣಿಮಣಿಯಾಗಿ ಜಿನುಗುತ್ತದೆ, ಹಾಸಿಗೆಯ ಬಟ್ಟೆ ಒದ್ದೆಯಾಗುತ್ತದೆ. ಮೊದಲ ಸಲ ನೋಡಿದವರಿಗೆ ಗಾಬರಿಯಾಗುವುದು ಸಹಜ. ಅಂಟು ಪ್ಲಾಸ್ಟರ್ ಹಚ್ಚಿದರೆ ಕೀಳುವಾಗ ಚರ್ಮವೇ ಕಿತ್ತುಬರುತ್ತದೆ. ಅಂಟದ ಡ್ರೆಸ್ಸಿಂಗ್ ಇಟ್ಟು, ಅದರ ಮೇಲೆ ಹೀರುವ ಪ್ಯಾಡ್ ಇಟ್ಟು, ಸಡಿಲವಾಗಿ ಬ್ಯಾಂಡೇಜು ಸುತ್ತಿ ನರ್ಸ್‌ಗೆ ತಿಳಿಸಿ. ತಾವಾಗಿ ಹೊರಳಲಾಗದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು, ಏಕೆಂದರೆ ನೀರು ತುಂಬಿದ ಚರ್ಮದಲ್ಲಿ ಹಾಸಿಗೆ ಹುಣ್ಣು ಬಹಳ ಬೇಗ ಏಳುತ್ತದೆ.

ಆರನೆಯ ಹಂತ: ಹೊಟ್ಟೆಗೆ ನೀರು ಬಂದಾಗ

ಅಂಡಾಶಯ, ಜಠರ, ಮೇದೋಜೀರಕ ಗ್ರಂಥಿ, ದೊಡ್ಡ ಕರುಳು ಮತ್ತು ಯಕೃತ್ತಿನ ಕ್ಯಾನ್ಸರ್‌ಗಳಲ್ಲಿ ಇದು ಹೆಚ್ಚು. ಹೊಟ್ಟೆ ಬಿಗಿದು, ಹೊಕ್ಕುಳು ಹೊರಗೆ ಚಾಚಿ, ಒಳಗಿನಿಂದ ಜಠರವನ್ನು ಒತ್ತುವುದರಿಂದ ಎರಡು ತುತ್ತಿಗೇ ಸಾಕೆನ್ನಿಸುತ್ತದೆ. ಮೂರು ದೊಡ್ಡ ಊಟಗಳ ಬದಲು ಐದಾರು ಬಾರಿ ಸ್ವಲ್ಪ ಸ್ವಲ್ಪವಾಗಿ, ಪ್ರೋಟೀನ್ ಮತ್ತು ಶಕ್ತಿ ಹೆಚ್ಚಿರುವ ಆಹಾರ ಕೊಡಿ. ಊಟದ ಮಧ್ಯೆ ನೀರು ಕುಡಿಸಿ ಇರುವಷ್ಟು ಜಾಗವನ್ನೂ ತುಂಬಬೇಡಿ. ತಿಂದ ಮೇಲೆ ಅರ್ಧ ಗಂಟೆಯಾದರೂ ಒರಗಿ ಕುಳಿತಿರಲಿ.

ಹೊಟ್ಟೆಯ ನೀರು ತೆಗೆಸುವುದು ಅಂಜಬೇಕಾದ ಕೆಲಸವಲ್ಲ. ಅಲ್ಟ್ರಾಸೌಂಡ್‌ನಲ್ಲಿ ಜಾಗ ಗುರುತಿಸಿ, ಮರಗಟ್ಟುವ ಇಂಜೆಕ್ಷನ್ ಕೊಟ್ಟು, ತೆಳುವಾದ ಕೊಳವೆಯಿಂದ ಕೆಲವು ಲೀಟರ್ ನೀರನ್ನು ಇಳಿಸುತ್ತಾರೆ. ಎಷ್ಟೋ ಮಂದಿ ಅಂದೇ ಸಂಜೆ ಹಸಿವಾಗುತ್ತಿದೆ ಎನ್ನುತ್ತಾರೆ. ರಕ್ತ ತೆಳುಮಾಡುವ ಔಷಧಿ ಇದ್ದರೆ ಮೊದಲೇ ತಿಳಿಸಿ. ಮನೆಗೆ ಬಂದ ಮೇಲೆ ರಕ್ತದೊತ್ತಡ ಇಳಿದು ತಲೆ ತಿರುಗಬಹುದಾದ್ದರಿಂದ ಅಂದು ಒಬ್ಬರನ್ನೇ ಎದ್ದು ನಡೆಯಲು ಬಿಡಬೇಡಿ. ಸೂಜಿ ಚುಚ್ಚಿದ ಜಾಗದಿಂದ ನೀರು ಸೋರುತ್ತಿದ್ದರೆ ಎದುರು ಮಗ್ಗುಲಾಗಿ ಮಲಗಿಸಿ. ಕ್ಯಾನ್ಸರ್ ಇನ್ನೂ ಸಕ್ರಿಯವಾಗಿದ್ದರೆ ನೀರು ಮತ್ತೆ ತುಂಬುತ್ತದೆ, ಕೆಲವರಲ್ಲಿ ಒಂದೆರಡು ವಾರಗಳಲ್ಲೇ. ಇದನ್ನು ರೋಗಿಗೂ ಮೊದಲೇ ಹೇಳಿಡುವುದು ಒಳ್ಳೆಯದು, ಇಲ್ಲವಾದರೆ ಮತ್ತೆ ಉಬ್ಬಿದ ಹೊಟ್ಟೆ ಕಂಡು ಚಿಕಿತ್ಸೆ ಸೋತಿತೆಂದು ಕುಗ್ಗುತ್ತಾರೆ. ಪದೇ ಪದೇ ತೆಗೆಸಬೇಕಾಗಿ ಬಂದಾಗ ಚರ್ಮದಡಿಯಲ್ಲಿ ಶಾಶ್ವತವಾಗಿ ಕೂರಿಸುವ ಕೊಳವೆಯ ಬಗ್ಗೆ ಕೇಳಿ. ಅದರಿಂದ ಮನೆಯಲ್ಲೇ ನೀರು ಇಳಿಸಬಹುದು. ಪ್ರತಿಸಲವೂ ಕೈ ತೊಳೆಯುವುದರಲ್ಲಿ ಅಲಕ್ಷ್ಯ ಬೇಡ. ಇಳಿಸಿದ ನೀರಿನ ಅಳತೆ ಮತ್ತು ಬಣ್ಣವನ್ನು ಬರೆದಿಡಿ. ಅದು ಕದಡಿದ್ದರೆ, ರಕ್ತ ಬೆರೆತಿದ್ದರೆ, ವಾಸನೆ ಬಂದರೆ ಅದೇ ದಿನ ತಿಳಿಸಬೇಕು.

ಏಳನೆಯ ಹಂತ: ಎದೆಯಲ್ಲಿ ನೀರು ನಿಂತಾಗ

ಒಣ ಕೆಮ್ಮು, ಮಾತಿನ ಮಧ್ಯೆ ಉಸಿರಿಗಾಗಿ ನಿಲ್ಲುವುದು, ಒಂದೇ ಮಗ್ಗುಲಿಗೆ ಮಲಗಬೇಕೆನ್ನಿಸುವುದು ಇದರ ಗುರುತು. ಕುರ್ಚಿಯಲ್ಲಿ ಕೂರಿಸಿ, ಮುಂದಿನ ಮೇಜಿನ ಮೇಲೆ ದಿಂಬಿಟ್ಟು, ಅದರ ಮೇಲೆ ಮೊಣಕೈ ಊರಿ ಮುಂದಕ್ಕೆ ಬಾಗಿಸಿದರೆ ಉಸಿರು ಸ್ವಲ್ಪ ಸಡಿಲವಾಗುತ್ತದೆ. ಸಣ್ಣ ಫ್ಯಾನಿನ ಗಾಳಿ ಮುಖಕ್ಕೆ, ಅದರಲ್ಲೂ ಮೂಗು ಮತ್ತು ಕೆನ್ನೆಗೆ ಬೀಸುವಂತೆ ಇಟ್ಟರೆ ಉಸಿರು ಸಾಲದೆಂಬ ಭಾವ ತಗ್ಗುತ್ತದೆ. ಆಸ್ಪತ್ರೆಯಲ್ಲಿ ನೀರು ತೆಗೆಯುವಾಗ ಒಂದೇ ಸಲಕ್ಕೆ ಸಾಮಾನ್ಯವಾಗಿ 1.5 ಲೀಟರ್ ಮೀರುವುದಿಲ್ಲ, ಏಕೆಂದರೆ ಕುಗ್ಗಿದ್ದ ಶ್ವಾಸಕೋಶ ಒಮ್ಮೆಗೇ ಅರಳಿದರೆ ಅದರೊಳಗೇ ನೀರು ಸೇರಬಹುದು. ಅರ್ಧ ಉಳಿಸಿದರೆಂದು ಬೇಸರ ಬೇಡ. ಮನೆಯಲ್ಲಿ ಕೊಳವೆಯಿಂದ ಇಳಿಸುವವರೂ ಹೇಳಿಕೊಟ್ಟ ಅಳತೆಯನ್ನು ಮೀರದೆ, ಎದೆ ನೋವು ಅಥವಾ ಬಿಡದ ಕೆಮ್ಮು ಬಂದ ಕೂಡಲೇ ನಿಲ್ಲಿಸಬೇಕು.

ಎಂಟನೆಯ ಹಂತ: ಮಾತ್ರೆ, ಉಪ್ಪು, ನೀರು

ಫ್ಯೂರೋಸೆಮೈಡ್, ಸ್ಪೈರೋನೋಲ್ಯಾಕ್ಟೋನ್ ಮುಂತಾದ ನೀರಿನ ಮಾತ್ರೆಗಳು ಹೃದಯ ಅಥವಾ ಯಕೃತ್ತಿನ ಕಾರಣದಿಂದ ಬಂದ ಊತಕ್ಕೆ ಚೆನ್ನಾಗಿ ಕೆಲಸ ಮಾಡುತ್ತವೆ; ಹೊಟ್ಟೆಯ ಪೊರೆಗೆ ಹರಡಿದ ಕ್ಯಾನ್ಸರ್‌ನಿಂದ ಬಂದ ನೀರಿಗೆ ಅಷ್ಟಾಗಿ ಅಲ್ಲ. ಬೆಳಿಗ್ಗೆ ಕೊಟ್ಟರೆ ರಾತ್ರಿ ನಿದ್ದೆ ಕೆಡುವುದಿಲ್ಲ. ಊತ ಇಳಿಯಲಿಲ್ಲವೆಂದು ಒಂದು ಮಾತ್ರೆ ಹೆಚ್ಚು ಕೊಡುವ ಆಸೆ ಬರುತ್ತದೆ, ಕೊಡಬೇಡಿ; ಮೈಯಲ್ಲಿ ಊತವಿದ್ದರೂ ರಕ್ತನಾಳದೊಳಗೆ ನೀರು ಬತ್ತಿ ಮೂತ್ರಪಿಂಡ ಸೊರಗಬಹುದು. ವಾಂತಿ ಭೇದಿ ಆದ ದಿನ ಮಾತ್ರೆ ಕೊಡಬೇಕೇ ಎಂದು ಫೋನ್ ಮಾಡಿ ಕೇಳಿ. ಸ್ಪೈರೋನೋಲ್ಯಾಕ್ಟೋನ್ ತೆಗೆದುಕೊಳ್ಳುವವರಿಗೆ ಪೊಟ್ಯಾಸಿಯಂ ಇರುವ "ಕಡಿಮೆ ಸೋಡಿಯಂ" ಉಪ್ಪು ಅಪಾಯಕಾರಿ, ಏಕೆಂದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತ ತಪ್ಪುತ್ತದೆ.

ಉಪ್ಪನ್ನು ದಿನಕ್ಕೆ ಸುಮಾರು 5 ಗ್ರಾಂ, ಅಂದರೆ ಒಂದು ಟೀ ಚಮಚದೊಳಗೆ ಇಡುವುದು ಒಳ್ಳೆಯದು; ಪೊಟ್ಟಣದ, ಡಬ್ಬಿಯ ತಿನಿಸುಗಳಲ್ಲಿ ಅಡಗಿರುವ ಉಪ್ಪೂ ಈ ಲೆಕ್ಕದಲ್ಲೇ ಸೇರಬೇಕು. ಆದರೆ ಬಾಯಿರುಚಿ ಕೆಟ್ಟು ಅಷ್ಟಿಷ್ಟು ತಿನ್ನುತ್ತಿರುವವರ ತಟ್ಟೆಯಿಂದ ಉಪ್ಪನ್ನು ಪೂರ್ತಿ ಕಸಿದು, ತಿನ್ನುತ್ತಿದ್ದ ಅಷ್ಟನ್ನೂ ನಿಲ್ಲಿಸಿದರೆ ನಷ್ಟವೇ ಹೆಚ್ಚು ಎಂಬುದು ನನ್ನ ಖಚಿತ ಅಭಿಪ್ರಾಯ. ಕುಡಿಯುವ ನೀರನ್ನೂ ವೈದ್ಯರು ಅಳತೆ ಹೇಳಿದ್ದರೆ ಮಾತ್ರ ಕಡಿಮೆ ಮಾಡಿ.

ರೋಗ ಬಹಳ ಮುಂದುವರಿದಾಗ

ಆ ಹಂತದಲ್ಲಿ ಎಷ್ಟು ಆರೈಕೆ ಮಾಡಿದರೂ ಪಾದಗಳ ಊತ ಪೂರ್ತಿ ಇಳಿಯದಿರಬಹುದು. ಆಗ ಪ್ರತಿದಿನದ ತೂಕ ಮತ್ತು ಟೇಪಿನ ಅಳತೆಯನ್ನು ನಿಲ್ಲಿಸಬಹುದೇ ಎಂದು ಉಪಶಾಮಕ ಆರೈಕೆಯ, ಅಂದರೆ ನೋವು ಮತ್ತು ಸಂಕಟ ತಗ್ಗಿಸುವ ಆರೈಕೆಯ, ತಂಡವನ್ನು ಕೇಳಿ. ರೋಗಿಗೆ ಹಿಂಸೆಯಾಗುವ ಬಿಗಿ ಚೀಲವನ್ನು ತೆಗೆಯಬಹುದೇ ಎಂದೂ ಕೇಳಿ. ಏನೂ ತಿನ್ನುತ್ತಿಲ್ಲವಲ್ಲ, ಒಂದು ಡ್ರಿಪ್ ಹಾಕಿಸೋಣ ಎಂದು ಮನಸ್ಸು ಒತ್ತಾಯಿಸುತ್ತದೆ. ದೇಹ ಬಳಸಿಕೊಳ್ಳಲಾಗದ ಆ ನೀರು ಕಾಲು, ಹೊಟ್ಟೆ, ಎದೆಗಳಲ್ಲೇ ಸೇರಿ ಉಸಿರನ್ನು ಇನ್ನಷ್ಟು ಕಷ್ಟಗೊಳಿಸಬಹುದಾದ್ದರಿಂದ, ಡ್ರಿಪ್‌ನಿಂದ ಏನು ಲಾಭ, ಏನು ತೊಂದರೆ ಎಂದು ವೈದ್ಯರಿಂದ ನೇರವಾಗಿ ಕೇಳಿ ತಿಳಿದ ಮೇಲೆಯೇ ನಿರ್ಧರಿಸಿ. ಬಾಯಿ ಒಣಗಿದ್ದರೆ ಒದ್ದೆ ಹತ್ತಿಯಿಂದ ತುಟಿ ಮತ್ತು ನಾಲಿಗೆಯನ್ನು ಆಗಾಗ ತೇವ ಮಾಡಿ, ತುಟಿಗೆ ಪಸೆ ಹಚ್ಚಿ. ಬಿಗಿಯಾದ ತೋಳಿನ ಅಂಗಿಯ ಹೊಲಿಗೆಯನ್ನು ಬಿಚ್ಚಿ ಸಡಿಲಿಸಿ, ಊದಿದ ಕೈಯನ್ನು ದಿಂಬಿನ ಮೇಲಿಟ್ಟು, ಅದರ ಪಕ್ಕದಲ್ಲಿ ಕುಳಿತುಕೊಳ್ಳಿ.